‘ತಿಳೀತು ಟೀಚರ್’ ಅಂದ ಮಕ್ಕಳು ಎಂಟೇ ದಿನದಲ್ಲಿ ಮರೆತದ್ದೇಕೆ?

ಪ್ರಶ್ನೆ: ನಾನು ಮುಂಬಯಿಯಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಡೊಂಬಿವಲಿಯಲ್ಲಿ. ಅಭ್ಯಾಸ ಪಾಠಕ್ಕೆ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗುತ್ತೇನೆ. ಆರನೇ ತರಗತಿಗೆ ಭಿನ್ನರಾಶಿ ಹೇಳಿಕೊಟ್ಟೆ. ಚಾರ್ಟ್, ಬಣ್ಣದ ಕಾಗದ ಎಲ್ಲ ಒಯ್ದಿದ್ದೆ. ಮಕ್ಕಳು ಒಟ್ಟಿಗೆ ‘ತಿಳೀತು ಟೀಚರ್’ ಅಂದರು. ವೀಕ್ಷಣೆಗೆ ಬಂದ ಮೇಡಂ ಒಳ್ಳೆಯ ಅಂಕ ಕೊಟ್ಟರು. ಎಂಟು ದಿನದ ಮೇಲೆ ಅದೇ ಲೆಕ್ಕ ಕೊಟ್ಟು ನೋಡಿದೆ. 28 ಮಕ್ಕಳಲ್ಲಿ ಸರಿ ಮಾಡಿದವರು 3 ಮಂದಿ. ಹೆಚ್ಚಿನವರು 1/2 + 1/3 = 2/5 ಎಂದು ಬರೆದಿದ್ದರು. ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಅವನು ಸಂಜೆ ಅಪ್ಪನ ಜೊತೆ ತರಕಾರಿ ಗಾಡಿಯಲ್ಲಿ ನಿಲ್ಲುತ್ತಾನೆ, ಅಲ್ಲಿ ಒಂದು ಲೆಕ್ಕವೂ ತಪ್ಪುವುದಿಲ್ಲ. ಈ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕಲಬುರಗಿ ಕಡೆಯ ಕನ್ನಡ. ಬೀದಿಯಲ್ಲಿ ಎಲ್ಲರೂ ಮರಾಠಿ, ಹಿಂದಿ. ನಮ್ಮ ಕಾಲೇಜಿನಲ್ಲಿ ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಬೇರ್ಪಡಿಸಿ ಬರೆಯಲು ಹೇಳಿದ್ದಾರೆ. ಥಾರ್ನ್‌ಡೈಕ್, ಪಿಯಾಜೆ ಮುಂತಾದ ಮನಶ್ಶಾಸ್ತ್ರಜ್ಞರ ಸಿದ್ಧಾಂತ ಎಲ್ಲ ಬಾಯಿಪಾಠ ಮಾಡಿದ್ದೇನೆ. ಆದರೆ ತರಗತಿಯಲ್ಲಿ ಅದು ಯಾವುದಕ್ಕೆ ಬೇಕು ಅಂತ ಗೊತ್ತಾಗುತ್ತಿಲ್ಲ. ತಪ್ಪು ಎಲ್ಲಾಯಿತು? ನಾನು ಈ ಕೆಲಸಕ್ಕೆ ಸರಿಯಾದವಳೇ ಅಲ್ಲವೇ? ಪಾಠಯೋಜನೆಯನ್ನೂ ಇದರ ಜೊತೆ ಕಳಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನೀವು ಈ ಕೆಲಸಕ್ಕೆ ಸರಿಯಾದವರೇ. ಮೂವತ್ತು ವರ್ಷ ಬಿ.ಎಡ್. ವಿದ್ಯಾರ್ಥಿಗಳ ಪಾಠ ನೋಡಿದ್ದೇನೆ. ಒಳ್ಳೆಯ ಅಂಕ ಬಂದ ಮೇಲೂ ಎಂಟು ದಿನ ಬಿಟ್ಟು ಹೋಗಿ ಅದೇ ಲೆಕ್ಕ ಕೊಟ್ಟು ನೋಡಿದವರು ಬೆರಳೆಣಿಕೆಯಷ್ಟು. ನೀವು ನೋಡಿದಿರಿ. ನೋಡಿದ್ದರಿಂದಲೇ ಈ ಪ್ರಶ್ನೆ ಹುಟ್ಟಿತು.

ಮಕ್ಕಳು ನಿಮಗೆ ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅವರಿಗೆ ನಿಜವಾಗಿ ತಿಳಿದಿತ್ತು. ಕಪ್ಪುಹಲಗೆಯ ಮೇಲೆ ಹಂತಗಳು ಕಣ್ಣೆದುರಿಗಿದ್ದವು, ನಿಮ್ಮ ದನಿ ಕಿವಿಯಲ್ಲಿತ್ತು, ಬಣ್ಣದ ಕಾಗದ ಕೈಯಲ್ಲಿತ್ತು. ಇಷ್ಟೆಲ್ಲ ಆಧಾರ ಇರುವಾಗ ಯಾರಿಗಾದರೂ ತಿಳಿಯುತ್ತದೆ. ಆ ಆಧಾರ ತೆಗೆದ ಮೇಲೆ, ದಿನ ಕಳೆದ ಮೇಲೆ, ಮಗು ತಾನೇ ಒಳಗಿನಿಂದ ತೆಗೆದು ಹೇಳಬಲ್ಲದೇ ಎನ್ನುವುದು ಬೇರೆಯದೇ ಪ್ರಶ್ನೆ. ಪಾಠದ ಹೊತ್ತಿನಲ್ಲಿ ಮಗು ತೋರಿಸುವುದು ಒಂದು, ಅದು ಕಲಿತದ್ದು ಇನ್ನೊಂದು. ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ನೀವು ಓದಿದ ಹತ್ತಾರು ತತ್ತ್ವಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ನನಗೂ ಇದು ಗೊತ್ತಾದದ್ದು ತಡವಾಗಿ. ಕೆಲಸದ ಶುರುವಿನಲ್ಲಿ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹುಡುಗರೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿಯುವವರು. ಕ್ಲೀನರ್, ಸಪ್ಲೈಯರ್, ದೋಸೆಕಲ್ಲಿನ ಮುಂದೆ ನಿಲ್ಲುವವರು. ನಾನು ಚೆನ್ನಾಗಿ ವಿವರಿಸುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಮುಂದಿನ ವಾರ ಕೇಳಿದರೆ ಏನೂ ಇಲ್ಲ. ಪಾಪ, ದಣಿದಿದ್ದಾರೆ ಎಂದುಕೊಂಡೆ. ಒಂದು ದಿನ ನನ್ನ ವಿದ್ಯಾರ್ಥಿಯ ಹೋಟೆಲಿಗೇ ಚಹಾಕ್ಕೆ ಹೋದೆ. ಆ ಹುಡುಗ ನಾಲ್ಕು ಮೇಜುಗಳ ಆರ್ಡರ್ ಕೇಳಿಕೊಂಡು, ಒಂದನ್ನೂ ಬರೆದುಕೊಳ್ಳದೆ, ಅಡುಗೆಮನೆಯ ಕಿಟಕಿಗೆ ಹೋಗಿ ಸಾಲಾಗಿ ಕೂಗಿ ಹೇಳಿದ. ಒಂದೂ ತಪ್ಪಲಿಲ್ಲ. ದಣಿವು ಅವನ ನೆನಪಿಗೆ ಅಡ್ಡ ಬಂದಿರಲಿಲ್ಲ. ನನ್ನ ತರಗತಿಯಲ್ಲಿ ಅವನು ಏನನ್ನೂ ಕೂಗಿ ಹೇಳಬೇಕಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಎಲ್ಲವನ್ನೂ ನಾನೇ ಹೇಳಿಬಿಡುತ್ತಿದ್ದೆ.

ಮರೆವಿನ ಬಗ್ಗೆ ಸ್ವಲ್ಪ ಹೇಳಬೇಕು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವನ್ನು ಮೊದಲ ಸಲ ಅಳೆದು ತೋರಿಸಿದರು. ಪ್ರಯೋಗ ಮಾಡಿದವರೂ ಅವರೇ, ಪ್ರಯೋಗಕ್ಕೆ ಒಳಗಾದವರೂ ಅವರೇ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕುವುದು. ಒಂದು ಗಂಟೆಯ ಮೇಲೆ ಆ ಉಳಿತಾಯ ಅರ್ಧಕ್ಕಿಂತ ಕಡಿಮೆಯಾಗಿತ್ತು. ಒಂದು ದಿನದ ಮೇಲೆ ಸುಮಾರು ಮೂರನೇ ಒಂದು ಪಾಲು. ಒಂದು ತಿಂಗಳ ಮೇಲೆ ಸುಮಾರು ಐದನೇ ಒಂದು. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದರು. ಹೆಚ್ಚುಕಡಿಮೆ ಅದೇ ರೇಖೆ ಬಂತು.

ಅರ್ಥ ಇರುವ ಪಾಠ ಇಷ್ಟು ಬೇಗ ಅಳಿಸಿಹೋಗುವುದಿಲ್ಲ, ನಿಜ. ಆದರೆ ರೇಖೆಯ ಆಕಾರ ನೋಡಿ. ಮೊದಲು ಕಡಿದಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಪಾಠ ಮಾಡಿದ ದಿನಕ್ಕಿಂತ ಮರುದಿನ ಮುಖ್ಯ. ನೀವು ಎಂಟು ದಿನ ಸುಮ್ನೆ ಬಿಟ್ಟಿರಿ. ಇನ್ನೊಂದು ಮಾತನ್ನೂ ಗಮನಿಸಿ. ಎಬ್ಬಿಂಗ್‌ಹೌಸ್ ಅಳೆದದ್ದು ಉಳಿತಾಯವನ್ನು. ಒಂದು ಸಾಲೂ ನೆನಪಿಗೆ ಬಾರದಿದ್ದಾಗಲೂ ಎರಡನೇ ಸಲ ಕಲಿಯಲು ಹಿಡಿಯುವ ಸಮಯ ಕಡಿಮೆ. ನಿಮ್ಮ 25 ಮಕ್ಕಳಲ್ಲೂ ಆ ಉಳಿತಾಯ ಇದೆ. ಮೇ ತಿಂಗಳಿಡೀ ಊರಿನಲ್ಲಿದ್ದು ಜೂನ್‌ನಲ್ಲಿ ವಾಪಸ್ಸು ಬರುವ ಮಕ್ಕಳ ವಿಷಯವೂ ಇದೇ. ‘ಎಲ್ಲಾ ಮರೆತು ಬಂದಿದ್ದಾರೆ’ ಎಂದು ಶಿಕ್ಷಕರ ಕೋಣೆಯಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಎಲ್ಲಾ ಮರೆತಿರುವುದಿಲ್ಲ. ತಳದಲ್ಲಿ ಕೂತಿರುತ್ತದೆ, ಮೇಲಕ್ಕೆ ತರಬೇಕು.

ಹೇಗೆ ತರುವುದು? ಒಂದು ಸಣ್ಣ ಪರೀಕ್ಷೆ. ಪರ್ಸು ತೆಗೆಯದೆ ಹೇಳಿ. ಈಗ ಚಲಾವಣೆಯಲ್ಲಿರುವ ಹೊಸ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರ ಇದೆ? 20ರ ನೋಟಿನಲ್ಲಿ? ನೂರಾರು ಸಲ ಕೈಗೆ ಬಂದಿವೆ, ಆದರೂ ಬಹಳ ಜನ ತಡವರಿಸುತ್ತಾರೆ. 50ರಲ್ಲಿ ನಮ್ಮ ಹಂಪಿಯ ಕಲ್ಲಿನ ರಥ, 20ರಲ್ಲಿ ಎಲ್ಲೋರದ ಗುಹೆ. 1979ರಲ್ಲಿ ಅಮೆರಿಕದಲ್ಲಿ ಜನರಿಗೆ ತಮ್ಮ ದೇಶದ ಒಂದು ಸೆಂಟ್ ನಾಣ್ಯದ ಚಿತ್ರ ಬರೆಯಲು ಹೇಳಿದಾಗಲೂ ಹೀಗೇ ಆಯಿತು. ಎಷ್ಟು ಸಲ ಕಣ್ಣಿಗೆ ಬಿತ್ತು ಎನ್ನುವುದರಿಂದ ನೆನಪು ಗಟ್ಟಿಯಾಗುವುದಿಲ್ಲ. ನೆನಪಿನಿಂದ ಎಷ್ಟು ಸಲ ಹೊರಗೆ ತೆಗೆದೆವು ಎನ್ನುವುದರಿಂದ ಆಗುತ್ತದೆ. ಈಗ ನೀವು ತಡವರಿಸಿ ಹಂಪಿಯ ರಥ ಎಂದು ತಿಳಿದುಕೊಂಡಿದ್ದರೆ, ಅದನ್ನು ಇನ್ನು ಮರೆಯುವುದು ಕಷ್ಟ.

ಇದನ್ನು ಓದಿನ ವಿಷಯದಲ್ಲಿ ಬಹಳ ಚೆನ್ನಾಗಿ ತೋರಿಸಿದವರು ರೋಡಿಗರ್ ಮತ್ತು ಕಾರ್ಪಿಕಿ, 2006ರಲ್ಲಿ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು. ಇನ್ನೊಂದು ಬರಹವನ್ನು ಒಂದೇ ಸಲ ಓದಿಸಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಸಿದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲು: ಶೇ. 81, ಇನ್ನೊಂದು ಶೇ. 75. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದು ಶೇ. 42ಕ್ಕೆ ಇಳಿದಿತ್ತು. ಓದಿ ಬರೆದದ್ದು ಶೇ. 56ರಲ್ಲಿ ನಿಂತಿತ್ತು. ಅವರ ಎರಡನೇ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರೇ ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಜಾಸ್ತಿ ಭರವಸೆಯಿಂದ ಹೇಳಿದ್ದರು. ವಾರದ ಮೇಲೆ ಹೆಚ್ಚು ಮರೆತವರೂ ಅವರೇ.

ನಿಮ್ಮ ತರಗತಿಯಲ್ಲಿ ಆದದ್ದೂ ಇದೇ ಅಲ್ವಾ? ಮಕ್ಕಳಿಗೆ ಭರವಸೆ ಬಂತು, ನಿಮಗೆ ಬಂತು, ಮೇಡಂಗೂ ಬಂತು. ಸಲೀಸಾಗಿ ಹರಿದ ಪಾಠ ಎಲ್ಲರಿಗೂ ಕಲಿತ ಹಾಗೆ ಅನ್ನಿಸುತ್ತದೆ.

ಹಾಗಾದರೆ ಮಾಡುವುದೇನು? ಗಣಿತದ ಪಿರಿಯಡ್ಡಿನ ಮೊದಲ ಮೂರು ನಿಮಿಷ ಪುಸ್ತಕ ಮುಚ್ಚಿಸಿ. ‘ನಿನ್ನೆ ಏನು ಮಾಡಿದೆವು, ನೆನಪಿದ್ದಷ್ಟು ಬರೆಯಿರಿ’ ಎನ್ನಿ. ಇದಕ್ಕೆ ಅಂಕ ಬೇಡ, ಕೆಂಪು ಪೆನ್ನು ಬೇಡ. ಬರೆದ ಮೇಲೆ ಪುಸ್ತಕ ತೆರೆದು ತಾವೇ ನೋಡಿಕೊಳ್ಳಲಿ. ನೋಡಿಕೊಳ್ಳುವುದನ್ನು ಮಾತ್ರ ಬಿಡಬೇಡಿ. ತಪ್ಪು ಬರೆದದ್ದು ಸರಿ ಎಂದುಕೊಂಡೇ ಮನೆಗೆ ಹೋಗಬಾರದು. ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರದ ಮೇಲೆ ಒಮ್ಮೆ ಅದೇ ವಿಷಯ ಹೀಗೆ ಮೇಲೆ ಬರಬೇಕು. ಒಟ್ಟು ಸಮಯ ಅಷ್ಟೇ. ಒಂದೇ ದಿನ ಸುರಿಯುವ ಬದಲು ಹಂಚಿ ಹಾಕಿದಂತೆ, ಅಷ್ಟೇ.

‘ತಿಳೀತಾ?’ ಎಂದು ಕೇಳುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಒಂದೇ ಉತ್ತರ ಇರುವುದು. ಕೋರಸ್ಸಿನಲ್ಲಿ ಇಪ್ಪತ್ತೆಂಟು ದನಿ ಕೇಳಿಸುತ್ತದೆ, ಆದರೆ ನಿಜವಾಗಿ ಉತ್ತರ ಗೊತ್ತಿರುವವರು ನಾಲ್ಕು ಮಂದಿ ಇರಬಹುದು. ಉಳಿದವರು ದನಿ ಸೇರಿಸುತ್ತಾರೆ. ಸ್ಲೇಟು ಇದ್ದರೆ ಪ್ರತಿಯೊಬ್ಬರೂ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. ಇಲ್ಲದಿದ್ದರೆ ಹಳೆಯ ನೋಟ್‌ಬುಕ್ಕಿನ ಹಾಳೆ ಸಾಕು. ಒಂದು ನೋಟದಲ್ಲಿ ನಿಮಗೆ ಇಡೀ ತರಗತಿ ಕಾಣುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಮಾತನಾಡದ ಮಕ್ಕಳೂ ಬಾಯಿಬಿಟ್ಟರು. ನೀವು ಮನಸ್ಸಿನಲ್ಲೇ ಮೂರರ ತನಕ ಎಣಿಸಿ ನೋಡಿ. ಮೊದಮೊದಲು ಆ ಮೌನ ಹೆದರಿಸುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ.

ಅಭ್ಯಾಸದ ಲೆಕ್ಕಗಳ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ನಿಮ್ಮ ಪಾಠಯೋಜನೆಯ ಕೊನೆಯಲ್ಲಿ ಹತ್ತು ಲೆಕ್ಕ ಇವೆ, ಹತ್ತೂ ಒಂದೇ ಬಗೆಯವು. ಎರಡನೇ ಲೆಕ್ಕದಿಂದ ಮುಂದೆ ಮಗು ಯೋಚಿಸಬೇಕಾಗಿಯೇ ಇಲ್ಲ, ಕೈ ತಾನೇ ಓಡುತ್ತದೆ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ಬೇರ್ಪಡಿಸಿ ಕೊಟ್ಟರು, ಇನ್ನೊಂದಕ್ಕೆ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಬೇರ್ಪಡಿಸಿದ ಗುಂಪು ಶೇ. 89 ಸರಿ, ಕಲಸಿದ ಗುಂಪು ಶೇ. 60. ಒಂದು ವಾರದ ಮೇಲೆ? ಬೇರ್ಪಡಿಸಿದ ಗುಂಪು ಶೇ. 20, ಕಲಸಿದ ಗುಂಪು ಶೇ. 63. ಲೆಕ್ಕ ಮಾಡುವುದಕ್ಕಿಂತ ಮೊದಲು ‘ಇದು ಯಾವ ಬಗೆಯ ಲೆಕ್ಕ’ ಎಂದು ಗುರುತಿಸಬೇಕಲ್ಲ, ಆ ಅಭ್ಯಾಸ ಕಲಸಿದವರಿಗೆ ಮಾತ್ರ ಸಿಕ್ಕಿತ್ತು. ಆದ್ದರಿಂದ ಹತ್ತರಲ್ಲಿ ನಾಲ್ಕು ಹೊಸದು ಇರಲಿ, ಉಳಿದವು ಹಿಂದಿನ ಪಾಠಗಳದ್ದಿರಲಿ. ಭಿನ್ನರಾಶಿ ಕಳೆಯುವುದು, ಬರೀ ಪೂರ್ಣಸಂಖ್ಯೆ, ಒಂದು ಉದ್ದಳತೆ. ತರಗತಿಯಲ್ಲಿ ತಪ್ಪು ಜಾಸ್ತಿ ಕಾಣಿಸುತ್ತದೆ. ವೀಕ್ಷಣೆಗೆ ಬಂದವರಿಗೆ ಅದು ಹಿಡಿಸದೆ ಇರಬಹುದು. ಮೊದಲೇ ಅವರಿಗೆ ಕಾರಣ ಹೇಳಿ. ಬಹಳಷ್ಟು ಉಪನ್ಯಾಸಕರು ಕೇಳಿಸಿಕೊಳ್ಳುತ್ತಾರೆ.

ಇಷ್ಟು ಹೇಳಿದ್ದು ಹೊರಗೆ ತೆಗೆಯುವ ಬಗ್ಗೆ. ಒಳಗೆ ಹೋದದ್ದೇ ಅರೆಬರೆ ಆದರೆ ತೆಗೆಯುವುದೇನನ್ನು? ನಿಮ್ಮ ಪಾಠಯೋಜನೆಯಲ್ಲಿ ನನಗೆ ನಿಜವಾಗಿ ಚಿಂತೆ ಆದದ್ದು ಇಲ್ಲಿ. ಮೂವತ್ತೈದು ನಿಮಿಷದಲ್ಲಿ ಅಂಶ, ಛೇದ, ಸಮ, ವಿಷಮ, ಮಿಶ್ರ, ಸಮಾನ ಭಿನ್ನರಾಶಿ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ), ಕೂಡಿಸುವುದು. ಎಂಟು ವಿಷಯ! ಜಾರ್ಜ್ ಮಿಲ್ಲರ್ 1956ರಲ್ಲಿ ಮನಸ್ಸು ಒಂದೇ ಹೊತ್ತಿಗೆ ಸುಮಾರು ಏಳು ಸಂಗತಿ ಹಿಡಿದುಕೊಳ್ಳುತ್ತದೆ ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಇದು ದೊಡ್ಡವರ ಮಾತು. ಮಕ್ಕಳಿಗೆ ಇನ್ನೂ ಕಡಿಮೆ. ಹೆದರಿದ ಮಗುವಿಗಂತೂ ಮತ್ತೂ ಕಡಿಮೆ, ಏಕೆಂದರೆ ಆ ಸಣ್ಣ ಜಾಗದಲ್ಲಿ ಹೆದರಿಕೆಯೂ ಬಂದು ಕೂರುತ್ತದೆ.

ಹಾಗಾದರೆ ಆ ಹೋಟೆಲ್ ಹುಡುಗ ನಾಲ್ಕು ಮೇಜು ಹೇಗೆ ಹಿಡಿದ? ಅಮೆರಿಕದ ಕೊಲೊರಾಡೊದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಂಥದ್ದೇ ಒಬ್ಬ ಸಪ್ಲೈಯರ್‌ನನ್ನು ಪರೀಕ್ಷೆ ಮಾಡಿದ್ದರು. ಅವನು ಇಪ್ಪತ್ತು ಜನರ ಊಟದ ಆರ್ಡರ್ ಬರೆದುಕೊಳ್ಳದೆ ಹಿಡಿಯುತ್ತಿದ್ದ. ಅವನ ಗುಟ್ಟು ಜೋಡಣೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ತಿನಿಸಿನ ಬಗೆಯ ಪ್ರಕಾರ ಕಟ್ಟಿಕೊಳ್ಳುತ್ತಿದ್ದ. ಗೊತ್ತಿರುವುದರ ಜೊತೆ ಕಟ್ಟಿದರೆ ಹತ್ತು ಸಂಗತಿ ಒಂದಾಗುತ್ತದೆ. ‘ಮಸಾಲೆ ದೋಸೆ’ ಎಂಬ ಎರಡು ಪದದಲ್ಲಿ ಆ ಹುಡುಗನಿಗೆ ಚಟ್ನಿ, ಸಾಂಬಾರು, ಪಲ್ಯ, ತಟ್ಟೆ, ಬೆಲೆ ಎಲ್ಲವೂ ಇತ್ತು. ನಿಮ್ಮ ಮಕ್ಕಳಿಗೆ ‘ವಿಷಮ ಭಿನ್ನರಾಶಿ’ಯ ಹಿಂದೆ ಏನೂ ಇರಲಿಲ್ಲ. ಬರೀ ಶಬ್ದ.

ಹಾಗಾಗಿ ಒಂದು ಪಾಠಕ್ಕೆ ಒಂದು ಹೊಸ ವಿಚಾರ, ಜಾಸ್ತಿ ಎಂದರೆ ಎರಡು. ಶುರುವಿನಲ್ಲಿ ಪೂರ್ತಿ ಬಿಡಿಸಿದ ಲೆಕ್ಕ ತೋರಿಸಿ. ಮುಂದಿನದರಲ್ಲಿ ಕೊನೆಯ ಹಂತ ಮಗು ಮಾಡಲಿ. ಅದರ ಮುಂದಿನದರಲ್ಲಿ ಕೊನೆಯ ಎರಡು. ಹೀಗೆ ನಿಮ್ಮ ಕೈ ಹಿಂದಕ್ಕೆ ಬರಲಿ. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಜೊತೆಗಾರರು 1980ರ ದಶಕದಿಂದ ತೋರಿಸುತ್ತ ಬಂದದ್ದು ಇದನ್ನೇ: ಹೊಸಬರಿಗೆ ಬಿಡಿಸಿದ ಲೆಕ್ಕವನ್ನು ಗಮನಿಸಿ ನೋಡುವುದರಿಂದ ಆಗುವ ಲಾಭ, ಏನೂ ತೋರಿಸದೆ ಲೆಕ್ಕ ಕೊಟ್ಟು ಒದ್ದಾಡಲು ಬಿಡುವುದರಿಂದ ಆಗುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹೇಳಿದ, ನೆರವು ಸಿಕ್ಕರೆ ಮಗುವಿನ ಕೈಗೆ ಎಟಕುವ ವಲಯ ಎಂದರೆ ಇದೇ. ಪರೀಕ್ಷೆಗೆ ನೀವು ವ್ಯಾಖ್ಯಾನ ಬರೆದಿರುತ್ತೀರಿ. ತರಗತಿಯಲ್ಲಿ ಅದು ಕಾಣುವುದು ಹೀಗೆ.

ಈಗ 2/5ಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಸಾಲು ಅದು, ಏಕೆಂದರೆ ಅಷ್ಟು ಮಕ್ಕಳು ಒಂದೇ ತಪ್ಪು ಮಾಡಿದ್ದಾರೆ ಎಂದರೆ ಅದರ ಹಿಂದೆ ಒಂದು ತರ್ಕ ಇದೆ. ಇಷ್ಟು ದಿನ ಅವರು ಕಲಿತದ್ದು ಪೂರ್ಣಸಂಖ್ಯೆ. ಎರಡು ಸಂಖ್ಯೆ ಕಂಡರೆ ಕೂಡಿಸುವುದು. ಇಲ್ಲಿ ಮೇಲೆ ಎರಡು, ಕೆಳಗೆ ಎರಡು. ಮೇಲಿನದನ್ನು ಕೂಡಿಸಿದರು, ಕೆಳಗಿನದನ್ನು ಕೂಡಿಸಿದರು. ಭಿನ್ನರಾಶಿ ಒಂದೇ ಸಂಖ್ಯೆ ಎನ್ನುವುದು ಅವರಿಗೆ ಇನ್ನೂ ಬಂದಿಲ್ಲ. ಇದು ದಡ್ಡತನ ಅಲ್ಲ, ಹಳೆಯ ಜ್ಞಾನವನ್ನು ಹೊಸ ಕಡೆ ಹಾಕಿ ನೋಡಿದ್ದು. ಸರಿ ಉತ್ತರವನ್ನು ಅದರ ಮೇಲೆ ಬರೆದರೆ ಎರಡು ದಿನ ನಿಲ್ಲುತ್ತದೆ. ಆಮೇಲೆ ಹಳೆಯದು ಮತ್ತೆ ತಲೆ ಎತ್ತುತ್ತದೆ. ತಪ್ಪಿನ ಜೊತೆಯೇ ಮಾತಾಡಬೇಕು.

ಎರಡು ಕಟಿಂಗ್ ಚಹಾದ ಗ್ಲಾಸು ಒಯ್ಯಿರಿ, ನೀರು ಸಾಕು. ಒಂದು ಗ್ಲಾಸಿನಲ್ಲಿ ಅರ್ಧ ತುಂಬಿಸಿ. ಅದಕ್ಕೆ ಇನ್ನೊಂದರಿಂದ ಮೂರನೇ ಒಂದು ಗ್ಲಾಸು ಸುರಿಯುತ್ತೇನೆ ಎಂದು ಹೇಳಿ. ಸುರಿಯುವ ಮೊದಲೇ ಕೇಳಿ: ಈಗ ಅರ್ಧಕ್ಕಿಂತ ಜಾಸ್ತಿ ಆಗುತ್ತದೆಯೋ, ಕಡಿಮೆಯೋ? ಎಲ್ಲರೂ ಜಾಸ್ತಿ ಅನ್ನುತ್ತಾರೆ. ‘ನಿಮ್ಮ ಉತ್ತರ 2/5. ಅದು ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?’ ಐದರಲ್ಲಿ ಎರಡು, ಅರ್ಧಕ್ಕೆ ಬರಲು ಎರಡೂವರೆ ಬೇಕು. ಸುರಿದ ಮೇಲೆ ಕಡಿಮೆ ಆಯಿತಾ! ಆಗ ಮಕ್ಕಳ ಮುಖದಲ್ಲಿ ಒಂದು ಗೊಂದಲ ಮೂಡುತ್ತದೆ. ಅದನ್ನು ಬೇಗ ಒರೆಸಲು ಹೋಗಬೇಡಿ. ಅವರು ಆ ಗೊಂದಲದಲ್ಲಿ ಎರಡು ನಿಮಿಷ ಇರಲಿ, ಪಕ್ಕದವರ ಜೊತೆ ಜಗಳವಾಡಲಿ. ಆ ಮೇಲೆ ಹೇಳುವ ಲ.ಸಾ.ಅ. ಅವರಿಗೆ ಬೇಕಾದ ವಸ್ತುವಾಗಿರುತ್ತದೆ.

ಹಿನ್ನೆಲೆ ಎಷ್ಟು ಮುಖ್ಯ ಎನ್ನುವುದಕ್ಕೆ 1972ರ ಒಂದು ಪ್ರಯೋಗ ಇದೆ. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಒಂದು ಪ್ಯಾರಾ ಓದಿ ಕೇಳಿಸಿದರು. ವಸ್ತುಗಳನ್ನು ಗುಂಪು ಮಾಡಬೇಕು, ಒಮ್ಮೆಗೇ ಜಾಸ್ತಿ ಹಾಕಬಾರದು, ಹೀಗೆ ಸಾಗುತ್ತದೆ. ಪದಗಳೆಲ್ಲ ಸುಲಭ, ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ, ನೆನಪಲ್ಲೂ ನಿಲ್ಲಲಿಲ್ಲ. ಇದು ಬಟ್ಟೆ ಒಗೆಯುವ ವಿಷಯ ಎಂದು ಮೊದಲೇ ಹೇಳಿದವರಿಗೆ ಸಲೀಸಾಗಿ ತಿಳಿಯಿತು, ನೆನಪೂ ಉಳಿಯಿತು. ಮಹಾಲಕ್ಷ್ಮಿಯ ಧೋಬಿ ಘಾಟ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದವರಿಗೆ ಆ ಪ್ಯಾರಾ ಕಣ್ಣಿಗೆ ಕಟ್ಟುತ್ತದೆ. ಪಾಠ ಮುಗಿದ ಮೇಲೆ ‘ಇದು ಇಂಥದ್ದು’ ಎಂದರೆ ಹೆಚ್ಚು ಪ್ರಯೋಜನ ಇಲ್ಲ ಎಂಬುದೂ ಅದೇ ಪ್ರಯೋಗದಲ್ಲಿ ಕಂಡಿತು. ಮೊದಲೇ ಹೇಳಬೇಕು.

ನಿಮ್ಮ ಮಕ್ಕಳಲ್ಲಿ ಭಿನ್ನರಾಶಿಯ ಹಿನ್ನೆಲೆ ಧಾರಾಳವಾಗಿದೆ. ಅದು ನಾಲ್ಕು ಭಾಷೆಯಲ್ಲಿ ಹಂಚಿಹೋಗಿದೆ, ಅಷ್ಟೇ. ಮಾರುಕಟ್ಟೆಯಲ್ಲಿ ಪಾವ್ (ಕಾಲು) ಕಿಲೋ, ಸವ್ವಾ (ಒಂದೂಕಾಲು) ಕಿಲೋ, ದೀಡ್ (ಒಂದೂವರೆ) ಕಿಲೋ ಎನ್ನುತ್ತಾರೆ. ಮನೆಯಲ್ಲಿ ಅಜ್ಜಿ ಕಾಲು, ಅರೆ, ಮುಕ್ಕಾಲು ಎನ್ನುತ್ತಾಳೆ. ಅಕ್ಕಿ ಅಳೆಯುವ ಪಾವು ಸೇರಿನ ಕಾಲುಭಾಗ, ಮರಾಠಿಯ ಪಾವ್ ಕೂಡ ಕಾಲುಭಾಗವೇ. ಅಂಶ, ಛೇದ ಎಂಬ ಪದಗಳು ಮರಾಠಿ ಪುಸ್ತಕದಲ್ಲೂ ಅವೇ. ತುಳು ಮನೆಮಾತಿನ ಮಗು ಮೊದಲು ತುಳುವಿನಲ್ಲೇ ಪಕ್ಕದವಳಿಗೆ ವಿವರಿಸಲಿ, ಆಮೇಲೆ ಕನ್ನಡದಲ್ಲಿ ಹೇಳಲಿ. ಕೆನಡಾದ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ವಾದಿಸುತ್ತ ಬಂದ ಮಾತು ನನಗೆ ಈ ಊರಿನಲ್ಲಿ ದಿನಾ ನಿಜವಾಗಿ ಕಂಡಿದೆ: ಒಂದು ಭಾಷೆಯಲ್ಲಿ ಕಲಿತ ವಿಚಾರವನ್ನು ಇನ್ನೊಂದರಲ್ಲಿ ಮೊದಲಿನಿಂದ ಕಲಿಯಬೇಕಾಗಿಲ್ಲ, ಹೊಸ ಹೆಸರು ಸಾಕು. ಕಲಬುರಗಿ ಕಡೆಯ ಮಗುವಿನ ಕನ್ನಡವನ್ನು ತಿದ್ದಲು ಗಣಿತದ ಪಿರಿಯಡ್ಡನ್ನು ಖರ್ಚು ಮಾಡಬೇಡಿ. ಆ ಮಗು ಬಾಯಿ ಮುಚ್ಚಿಕೊಂಡರೆ ನೀವು ಅದರ ತಲೆಯೊಳಗೆ ನೋಡುವ ಕಿಟಕಿಯೇ ಮುಚ್ಚಿದಂತೆ.

ಕಲಿಕೆಯ ಶೈಲಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೋಡಿ ಕಲಿಯುವವರಿಗೆ ಚಿತ್ರ, ಕೇಳಿ ಕಲಿಯುವವರಿಗೆ ಮಾತು ಎಂದು ಬೇರ್ಪಡಿಸಿ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಎನ್ನುವುದಕ್ಕೆ ತಕ್ಕ ಪುರಾವೆ ಇಲ್ಲ. ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದು ಇದನ್ನು ಸ್ಪಷ್ಟವಾಗಿ ಬರೆದರು. ಕಾಲೇಜು ಕೇಳಿದ ಕೆಲಸವನ್ನು ಮಾಡಿ ಕೊಡಿ, ಆದರೆ ಮಕ್ಕಳ ಹಣೆಗೆ ಆ ಚೀಟಿ ಅಂಟಿಸಬೇಡಿ. ಚಿತ್ರವೂ ಮಾತೂ ಎಲ್ಲ ಮಕ್ಕಳಿಗೂ ಬೇಕು. ಯಾವುದು ಬೇಕೆಂದು ತೀರ್ಮಾನಿಸುವುದು ಪಾಠದ ವಿಷಯ. ಭೂಪಟವನ್ನು ಕೇಳಿ ಕಲಿಯಲು ಆಗುವುದಿಲ್ಲ, ಪದ್ಯದ ಲಯವನ್ನು ನೋಡಿ ಕಲಿಯಲು ಆಗುವುದಿಲ್ಲ.

ಥಾರ್ನ್‌ಡೈಕ್ ಬಾಯಿಪಾಠ ಮಾಡಿದ್ದೇನೆ ಎಂದಿರಿ. ಅಭ್ಯಾಸ ನಿಯಮ ಎಂದು ಬರೆದಿರುತ್ತೀರಿ, ಪುನರಾವರ್ತನೆಯಿಂದ ಕಲಿಕೆ ಗಟ್ಟಿಯಾಗುತ್ತದೆ ಅಂತ. ಗೈಡುಗಳಲ್ಲಿ ಸಾಮಾನ್ಯವಾಗಿ ಸಿಗದ ಒಂದು ಮಾತಿದೆ. 1930ರ ಸುಮಾರಿಗೆ ಅವರೇ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಕಣ್ಣು ಮುಚ್ಚಿಸಿ ನಾಲ್ಕು ಇಂಚಿನ ಗೆರೆ ಎಳೆಯಲು ಹೇಳಿದರು, ಸಾವಿರಾರು ಸಲ. ಉದ್ದ ಸರಿಯಾಯಿತೋ ಇಲ್ಲವೋ ಎಂದು ಹೇಳಲಿಲ್ಲ. ಎಷ್ಟು ಎಳೆದರೂ ಸುಧಾರಣೆ ಬರಲಿಲ್ಲ. ಮಗುವಿಗೆ ನೂರು ಸಲ ಬರೆಸುವ ಶಿಕ್ಷಕರೆಲ್ಲ ತಿಳಿಯಬೇಕಾದ ಪ್ರಯೋಗ ಇದು. ಬರೆದದ್ದು ಸರಿಯೇ ಎಂದು ಗೊತ್ತಾಗದಿದ್ದರೆ ಪುನರಾವರ್ತನೆಯಿಂದ ಏನೂ ಆಗುವುದಿಲ್ಲ. ಮಗುವಿನ ಯೋಚನೆ ವಯಸ್ಸಿನ ಜೊತೆ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ಹಂತಗಳನ್ನು ರೈಲಿನ ವೇಳಾಪಟ್ಟಿಯಂತೆ ಓದಬೇಡಿ. ಮಗುವಿನ ತಪ್ಪನ್ನು ಕುತೂಹಲದಿಂದ ಕೇಳಿದ ಮನುಷ್ಯ ಎಂದು ಅವರನ್ನು ನೆನಪಿಡಿ. ‘ನಿನಗೆ ಹೀಗೆ ಯಾಕೆ ಅನ್ನಿಸಿತು?’ ಎಂಬ ಪ್ರಶ್ನೆ ಅವರ ದೊಡ್ಡ ಕೊಡುಗೆ. ಒಂದು ದಿನ ಬಿಡುವು ಮಾಡಿಕೊಂಡು ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಕೆಲಸ ನೋಡಿ ಬನ್ನಿ. ಡೊಂಬಿವಲಿಯಿಂದ ಕುರ್ಲಾಕ್ಕೆ ಬಂದು ಹಾರ್ಬರ್ ಲೈನ್ ಹಿಡಿದರೆ ಆಯಿತು. ಮಕ್ಕಳು ಗಣಿತ, ವಿಜ್ಞಾನವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದನ್ನೇ ಅಲ್ಲಿ 1974ರಿಂದ ನೋಡುತ್ತ ಬಂದಿದ್ದಾರೆ.

ಕೊನೆಗೆ ಆ ತರಕಾರಿ ಗಾಡಿಯ ಹುಡುಗ. ಬ್ರೆಜಿಲ್‌ನ ರೆಸಿಫಿ ಪಟ್ಟಣದಲ್ಲಿ 1985ರಲ್ಲಿ ಇಂಥ ಐದು ಮಕ್ಕಳನ್ನು ಸಂಶೋಧಕರು ಹತ್ತಿರದಿಂದ ನೋಡಿದರು. ಬೀದಿಯಲ್ಲಿ ವ್ಯಾಪಾರ ಮಾಡುವಾಗ ಅವರ ಲೆಕ್ಕ ಶೇ. 98 ಸರಿ. ಅದೇ ಲೆಕ್ಕವನ್ನು ಕಾಗದದ ಮೇಲೆ ಬರೀ ಅಂಕಿಯಾಗಿ ಕೊಟ್ಟಾಗ ಶೇ. 37. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು ಎಂಬುದನ್ನೂ ಕಂಡಿತು. ಈ ಎರಡು ದಡಗಳ ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ಕಟ್ಟುವುದು ನಿಮ್ಮ ಕೆಲಸ.

ಸೋಮವಾರ ಅವನನ್ನು ಎಲ್ಲರ ಮುಂದೆ ನಿಲ್ಲಿಸಬೇಡಿ, ಕೂತಲ್ಲಿಂದಲೇ ಹೇಳಲಿ. ಟೊಮೆಟೊ ಕಿಲೋಗೆ 60 ರೂಪಾಯಿ. ಮುಕ್ಕಾಲು ಕಿಲೋಗೆ ಎಷ್ಟು? 45 ಎಂದು ತಟ್ಟನೆ ಹೇಳುತ್ತಾನೆ. ಹೇಗೆ ಮಾಡಿದೆ ಎಂದು ಕೇಳಿ. ‘ಅರ್ಧ ಕಿಲೋ ತೀಸ್, ಪಾವ್ ಕಿಲೋ ಪಂದ್ರಾ, ಮಿಲಾಕೆ ಪೈಂತಾಲೀಸ್’ (ಅರ್ಧ ಕಿಲೋಗೆ ಮೂವತ್ತು, ಕಾಲು ಕಿಲೋಗೆ ಹದಿನೈದು, ಕೂಡಿಸಿದರೆ ನಲವತ್ತೈದು) ಎಂಬಂಥ ಉತ್ತರ ಬಂದೀತು, ಯಾವ ಭಾಷೆಯಲ್ಲಾದರೂ ಬರಲಿ. ಅವನು ಹೇಳುತ್ತಾ ಹೋದಂತೆ ನೀವು ಕಪ್ಪುಹಲಗೆಯ ಮೇಲೆ ಬರೆಯಿರಿ: 1/2 + 1/4 = 3/4. ಖಾಲಿ ಹಾಳೆ ಕೊಟ್ಟ ಹುಡುಗ ದಿನಾ ಸಂಜೆ ಮಾಡುತ್ತಿರುವುದು ಇದನ್ನೇ. ಆಮೇಲೆ ಅದರ ಪಕ್ಕದಲ್ಲಿ ಉಳಿದವರ ಪದ್ಧತಿಯಲ್ಲಿ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಕೂಡಿಸಿ 2/6 ಎಂದು ಬರೆಯಿರಿ. ಅಂದರೆ ಕಿಲೋದ ಮೂರನೇ ಒಂದು ಪಾಲು, 20 ರೂಪಾಯಿ. ಅರ್ಧ ಕಿಲೋ ಮತ್ತು ಪಾವ್ ಕಿಲೋ ಎರಡನ್ನೂ ಚೀಲಕ್ಕೆ ಹಾಕಿಸಿಕೊಂಡ ಗಿರಾಕಿ 20 ರೂಪಾಯಿ ಮುಂದೆ ಹಿಡಿದರೆ ಏನು ಮಾಡುತ್ತೀ ಎಂದು ಅವನನ್ನೇ ಕೇಳಿ. ಕೇಳಿ, ಮನಸ್ಸಿನಲ್ಲೇ ಮೂರರ ತನಕ ಎಣಿಸಿ.